ಚಿಕ್ಕಪ್ಪ, ಇವ್ನು ಯಾರ ಕಡೆ?

ಭಾನುವಾರ ರಾತ್ರಿ ಅಣ್ಣನ ಮಗನ ಜೊತೆ ಕೂತು ‘ಟ್ರಿಪಲ್ ಕ್ರಾಸ್’ ನೋಡಿದೆ. 1966ರ ಸಿನಿಮಾ, ಎರಡನೇ ಮಹಾಯುದ್ಧದ ಡಬಲ್ ಏಜೆಂಟ್ ಒಬ್ಬನ ಕಥೆ. ಹುಡುಗ ಪಿಯುಸಿ ಓದ್ತಿದ್ದಾನೆ. ಸಿನಿಮಾ ಮುಗಿಯೋದರೊಳಗೆ ನಾಲ್ಕು ಸಲ ಅದೇ ಪ್ರಶ್ನೆ ಕೇಳಿದ: “ಚಿಕ್ಕಪ್ಪ, ಇವ್ನು ಯಾರ ಕಡೆ?”

ಕೊನೆಯಲ್ಲಿ ನಾಯಕನಿಗೂ ಅದೇ ಪ್ರಶ್ನೆ ಬರುತ್ತದೆ. ಬಾರ್‌ನಲ್ಲಿ ಕೂತಿದ್ದಾನೆ. ನಿಜ ಹೇಳು, ನೀನು ದುಡಿದದ್ದು ಯಾರಿಗೆ ಅಂತ ಕೇಳುತ್ತಾರೆ. ಅವನು ಕನ್ನಡಿಯಲ್ಲಿ ಕಾಣುವ ತನ್ನ ಮುಖಕ್ಕೇ ಗ್ಲಾಸ್ ಎತ್ತುತ್ತಾನೆ. ಹುಡುಗ “ಸಖತ್” ಅಂದ. ನನಗೆ ಸಿಟ್ಟು ಬಂತು.

ಯಾಕಂದ್ರೆ ಇದು ಕಟ್ಟುಕಥೆ ಅಲ್ಲ. ಎಡ್ಡಿ ಚಾಪ್‌ಮನ್ ನಿಜಕ್ಕೂ ಇದ್ದ. ಇಂಗ್ಲೆಂಡಿನಲ್ಲಿ ತಿಜೋರಿ ಒಡೆಯುತ್ತಿದ್ದ ಕಳ್ಳ. 1939ರಲ್ಲಿ ಜರ್ಸಿ ದ್ವೀಪದ ಹೋಟೆಲೊಂದರಲ್ಲಿ ಗೆಳತಿ ಬೆಟ್ಟಿ ಜೊತೆ ಊಟಕ್ಕೆ ಕೂತಿದ್ದಾಗ ಪೊಲೀಸರು ಕಣ್ಣಿಗೆ ಬಿದ್ದರು. ಊಟ ಬಿಟ್ಟು, ಬೆಟ್ಟಿಯನ್ನೂ ಬಿಟ್ಟು, ಕಿಟಕಿಯಿಂದ ಹಾರಿದ. ಆಮೇಲೆ ಸಿಕ್ಕಿಬಿದ್ದು ಅಲ್ಲೇ ಜೈಲು ಸೇರಿದ. ಮರುವರ್ಷ ಜರ್ಮನ್ನರು ದ್ವೀಪ ಹಿಡಿದರು. ನಿಮ್ಮ ಗೂಢಚಾರ ಆಗ್ತೀನಿ ಅಂತ ಇವನೇ ಅವರ ಮುಂದೆ ನಿಂತ. ಫ್ರಾನ್ಸಿನ ನಾಂಟ್ ಊರಲ್ಲಿ ಬಾಂಬು, ವೈರ್‌ಲೆಸ್ ಎಲ್ಲ ಕಲಿಸಿದರು. 1942ರ ಡಿಸೆಂಬರ್‌ನಲ್ಲಿ ಪ್ಯಾರಾಶೂಟ್ ಕಟ್ಟಿ ಇಂಗ್ಲೆಂಡಿನ ಹೊಲಕ್ಕೆ ಬಿಟ್ಟರು. ಇಳಿದವನು ಸೀದಾ ಹೋಗಿ ಪೊಲೀಸರಿಗೆ ಶರಣಾದ. ಬ್ರಿಟಿಷ್ ಗೂಢಚಾರ ಇಲಾಖೆ ಎಂಐ5 ಅವನಿಗಿಟ್ಟ ಹೆಸರು ಜಿಗ್‌ಜ್ಯಾಗ್. ಎಷ್ಟು ಸರಿಯಾದ ಹೆಸರು ಅಲ್ವಾ!

ಸಿನಿಮಾ ಮಾಡಿದ್ದು ಟೆರೆನ್ಸ್ ಯಂಗ್, ಮೊದಲ ಬಾಂಡ್ ಸಿನಿಮಾ ಮಾಡಿದವರು. ಹಾಗಾಗಿ ಚಾಪ್‌ಮನ್ ಆಗಿರುವ ಕ್ರಿಸ್ಟೋಫರ್ ಪ್ಲಮ್ಮರ್‌ಗೂ ಸ್ವಲ್ಪ ಬಾಂಡ್ ವಾಸನೆ ಹತ್ತಿದೆ. ಜರ್ಮನ್ ಅಧಿಕಾರಿಯಾಗಿರುವ ಯುಲ್ ಬ್ರಿನ್ನರ್‌ಗೆ ಮಾತ್ರ ಪೂರ್ತಿ ಮಾರ್ಕ್ಸ್.

ಆದರೆ ನನಗೆ ತೆರೆ ಮೇಲೆ ಬೇಕಾಗಿದ್ದು ಬೇರೆ. ಚಾಪ್‌ಮನ್ ಎಂಐ5 ಹೇಳಿದಂತೆ ಇಂಗ್ಲೆಂಡಿನಿಂದ ಜರ್ಮನ್ನರಿಗೆ ವೈರ್‌ಲೆಸ್ ಸಂದೇಶ ಕಳಿಸುವಾಗ ಮೊದಲಿಗೆ ಸಾಲಾಗಿ ಐದು ಎಫ್ ಬಡಿಯಬೇಕಿತ್ತು. ಎಫ್‌ಗಳು ಇದ್ದರೆ ನಾನು ಸ್ವತಂತ್ರ ಅಂತ ಅರ್ಥ. ಇಲ್ಲದಿದ್ದರೆ ಸಿಕ್ಕಿಬಿದ್ದಿದ್ದೇನೆ, ನಂಬಬೇಡಿ ಅಂತ. ಕ್ರಿಸ್‌ಮಸ್ ಹೊತ್ತಲ್ಲಿ ಒಂದು ಸಲ ಅದನ್ನೇ ಮರೆತುಬಿಟ್ಟ! ಎಂಐ5 ಕಷ್ಟಪಟ್ಟು ಕಟ್ಟಿದ್ದೆಲ್ಲ ಅಲ್ಲಿಗೇ ಮಣ್ಣುಪಾಲಾಗಬೇಕಿತ್ತು. ಆಮೇಲೆ ಇನ್ನೊಂದು ಸಂದೇಶ ಹೋಯಿತು. ಕ್ಷಮಿಸಿ, ಹಬ್ಬದಲ್ಲಿ ಕುಡಿದಿದ್ದೆ, ಎಫ್ ಹಾಕೋದು ಮರೆತೆ ಅಂತ. ಜರ್ಮನ್ನರು ಅದನ್ನು ನಂಬಿದರು. ಅವನ ಸ್ವಭಾವ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಮೋರ್ಸ್ ಕೀಲಿಯ ಮೇಲೆ ಒಂದು ಬೆರಳು, ಸುತ್ತ ಉಸಿರು ಬಿಗಿಹಿಡಿದು ನಿಂತ ಅಧಿಕಾರಿಗಳು. ಇಷ್ಟು ಸಾಕು, ನಾನು ಹತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡ್ತೀನಿ.

ಮುಂದಿನದು ಇನ್ನೂ ಮಜಾ. ಜರ್ಮನ್ನರು ಅವನನ್ನು ಕಳಿಸಿದ್ದೇ ಹ್ಯಾಟ್‌ಫೀಲ್ಡಿನ ಡಿ ಹ್ಯಾವಿಲಂಡ್ ಕಾರ್ಖಾನೆ ಉಡಾಯಿಸೋಕೆ. ಮಸ್ಕಿಟೊ ಅನ್ನೋ ಮರದ ಯುದ್ಧವಿಮಾನ ಮಾಡುತ್ತಿದ್ದ ಜಾಗ. 1943ರ ಜನವರಿ 29ರ ರಾತ್ರಿ ಅಲ್ಲಿ ನಡೆದದ್ದು ಥೇಟ್ ನಮ್ಮ ಕಂಪನಿ ನಾಟಕ. ಬ್ರಿಟಿಷರೇ ದೊಡ್ಡ ಪರದೆಗಳ ಮೇಲೆ ಒಡೆದ ಗೋಡೆ, ಸುಟ್ಟ ಗುರುತು ಬರೆದು ಹಾಸಿದರು. ಸುತ್ತ ಒಂದಷ್ಟು ಅವಶೇಷ ಚೆಲ್ಲಿದರು. ಮೇಲಿಂದ ವಿಮಾನದಲ್ಲಿ ಬಂದು ಫೋಟೊ ತೆಗೆದವರಿಗೆ ಕಾರ್ಖಾನೆ ಹಾರಿಹೋದಂತೆ ಕಾಣಬೇಕು, ಅಷ್ಟೇ. ಪತ್ರಿಕೆಯಲ್ಲೂ ಒಂದು ಸುಳ್ಳು ಸುದ್ದಿ ಹಾಕಿಸಿದರು.

ಈಗ ಆ ಕನ್ನಡಿ ವಿಷಯ. ಅವನು ದುಡಿದದ್ದು ತನಗೋಸ್ಕರ ಅಂದುಬಿಟ್ಟರೆ ಡೈರೆಕ್ಟರ್ ತಲೆನೋವು ತಪ್ಪುತ್ತೆ. ಹೌದು, ಕಳ್ಳ, ದುಡ್ಡಿನ ಆಸೆ ಜಾಸ್ತಿ, ಹೆಣ್ಣು ಕಂಡರೆ ಕರಗುವವನು. ಆದರೆ ತನ್ನದೊಂದೇ ನೋಡಿಕೊಳ್ಳುವವನು ಕಾರ್ಖಾನೆ ನಾಟಕ ಆದಮೇಲೆ ಇಂಗ್ಲೆಂಡಿನಲ್ಲೇ ಬೆಚ್ಚಗೆ ಇರುತ್ತಿದ್ದ. ಇವನು ಮತ್ತೆ ಜರ್ಮನ್ನರ ಹತ್ತಿರಕ್ಕೇ ಹೋದ. ಒಂದು ಮಾತು ಅತ್ತಿತ್ತ ಆದರೂ ಪ್ರಾಣ ಹೋಗುತ್ತಿತ್ತು. ಹಾಗಂತ ದೇಶಭಕ್ತ ಅಂತ ಹಣೆಪಟ್ಟಿ ಕಟ್ಟೋಣ ಅಂದ್ರೆ ಅದೂ ಕೂರಲ್ಲ. ಅವನನ್ನು ನಡೆಸುತ್ತಿದ್ದ ಜರ್ಮನ್ ಅಧಿಕಾರಿ ಫಾನ್ ಗ್ರೋನಿಂಗ್ ಮೇಲೆ ಅವನಿಗೆ ನಿಜವಾದ ಪ್ರೀತಿ ಇತ್ತು. ಮೋಸ ಮಾಡಿದ್ದು ಅವರಿಗೇ. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಚಾಪ್‌ಮನ್ ಮಗಳ ಮದುವೆಗೆ ಅದೇ ಗ್ರೋನಿಂಗ್ ಬಂದಿದ್ದರು. ಆ ಮದುವೆಮನೆಯ ದೃಶ್ಯ ಬಿಟ್ಟು ಕನ್ನಡಿ ತೋರಿಸ್ತಾರಲ್ಲ ಅಂತ ನನ್ನ ಹೊಟ್ಟೆಯುರಿ. ಸಿನಿಮಾ ಬಂದಾಗ ಆ ಮದುವೆ ಆಗಿತ್ತೋ ಇಲ್ಲವೋ ಅಂತ ನೀವು ಕೇಳಬಹುದು. ಕೇಳಬೇಡಿ, ನಾನು ಸಿಟ್ಟಲ್ಲಿದ್ದೀನಿ.

ಇನ್ನು ಹೆಂಗಸರು. ತೆರೆ ಮೇಲೆ ರೋಮಿ ಶ್ನೈಡರ್ ಚೆಂದವಾಗಿ ಓಡಾಡುತ್ತಾರೆ. ನಿಜದಲ್ಲಿ, ಆಗ ಜರ್ಮನ್ನರ ಹಿಡಿತದಲ್ಲಿದ್ದ ನಾರ್ವೆಯ ಓಸ್ಲೊದಲ್ಲಿ ಡಾಗ್ಮಾರ್ ಲಾಹ್ಲುಮ್ ಅಂತ ಒಬ್ಬಳಿದ್ದಳು. ಜರ್ಮನ್ನರ ಮನುಷ್ಯ ಅಂದುಕೊಂಡೇ ಅವನ ಜೊತೆ ಓಡಾಡಿದಳು. ಒಂದು ದಿನ ಅವನು ಬಾಯಿಬಿಟ್ಟ, ನಾನು ಬ್ರಿಟಿಷರ ಕಡೆಯವನು ಅಂತ. ಅವಳು ಯಾರ ಹತ್ತಿರ ಒಂದು ಮಾತು ಆಡಿದ್ದರೂ ಅವನ ಕಥೆ ಮುಗೀತಿತ್ತು. ಆಡಲಿಲ್ಲ. ಯುದ್ಧ ಮುಗಿದ ಮೇಲೆ ಜರ್ಮನ್ನರವನ ಜೊತೆ ತಿರುಗಿದವಳು ಅಂತ ಅವಳಿಗೆ ಆರು ತಿಂಗಳು ಜೈಲಾಯಿತು. ಚಾಪ್‌ಮನ್ 1947ರಲ್ಲಿ ಮದುವೆಯಾದ. ಹುಡುಗಿ ಯಾರು ಗೊತ್ತಾ? ಅವತ್ತು ಊಟದ ಮೇಜಿನ ಮುಂದೆ ಬಿಟ್ಟು ಹಾರಿದ್ದನಲ್ಲ, ಅದೇ ಬೆಟ್ಟಿ.

ಇದನ್ನೆಲ್ಲ ಹುಡುಗನಿಗೆ ಹೇಳಿ ಮುಗಿಸುವಷ್ಟರಲ್ಲಿ ಹನ್ನೆರಡು ಗಂಟೆ ದಾಟಿತ್ತು. ಯಾರ ಕಡೆ ಅನ್ನೋದನ್ನು ಅವನು ಮರೆತೇಬಿಟ್ಟಿದ್ದ. “ಡಾಗ್ಮಾರ್ ವಿಷಯ ಬೆಟ್ಟಿಗೆ ಗೊತ್ತಿತ್ತಾ ಚಿಕ್ಕಪ್ಪ?” ಅಂದ.

ಬೆಳಿಗ್ಗೆ ಕಾಲೇಜಿದೆ, ಮಲಗು ಅಂದೆ.