ಇಡ್ಲಿ-ವಡೆ ಅನುಪಾತ ನಾರ್ಮಲ್

ಮಾರ್ಚ್ ಬಂತೆಂದರೆ ನನ್ನ ಆರೋಗ್ಯದ ಚಿಂತೆ ನನಗಿಂತ ನನ್ನ ಮೊಬೈಲಿಗೇ ಜಾಸ್ತಿ. ‘ಫುಲ್ ಬಾಡಿ ಚೆಕಪ್! 87 ಟೆಸ್ಟ್! 4,999 ಅಲ್ಲ, ಬರೀ 999!’ ಮೇಲೆ ಆದಾಯ ತೆರಿಗೆಯ ಒಗ್ಗರಣೆ ಬೇರೆ: ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಚೆಕಪ್ ಖರ್ಚನ್ನು 5,000 ರೂಪಾಯಿ ತನಕ ಆದಾಯದ ಲೆಕ್ಕದಿಂದ ಕಳೆಯಬಹುದಂತೆ. ಆಷಾಢದ ಸೀರೆ ಸೇಲಿನಲ್ಲಿ ನಾವು ಸರಕನ್ನು ಮುಟ್ಟಿ ನೋಡುತ್ತೇವೆ. ಇಲ್ಲಿ ಸರಕು ನಾವೇ. ಬೆಳಗ್ಗೆ ಆರಕ್ಕೆ ಹುಡುಗನೊಬ್ಬ ಮನೆಗೇ ಬಂದು ಚುಚ್ಚಿ ನೋಡಿಕೊಂಡು ಹೋದ.

ಸಂಜೆ ವರದಿ ಬಂತು. 87 ಟೆಸ್ಟ್ ಅಂದರೆ ಏನೆಂದು ಆಗ ತಿಳಿಯಿತು. ಲಿವರಿನ ಲೆಕ್ಕದಲ್ಲಿ 12. ಅದರಲ್ಲಿ ನಿಜವಾಗಿ ಅಳೆದದ್ದು 8. ಒಟ್ಟು ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ), ಡೈರೆಕ್ಟ್ ಬಿಲಿರುಬಿನ್ ಅಳೆದು, ಒಂದರಲ್ಲಿ ಇನ್ನೊಂದನ್ನು ಕಳೆದರೆ ಇನ್‌ಡೈರೆಕ್ಟ್: ಅದೊಂದು ಟೆಸ್ಟ್. ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದರೆ ಗ್ಲಾಬ್ಯುಲಿನ್: ಇನ್ನೊಂದು. ಅವೆರಡರ ಅನುಪಾತ ಮತ್ತೊಂದು. ಲಿವರಿನ ಕಿಣ್ವಗಳಾದ ಎಸ್‌ಜಿಒಟಿಯನ್ನು ಎಸ್‌ಜಿಪಿಟಿಯಿಂದ ಭಾಗಿಸಿದರೆ ಮಗದೊಂದು. ದರ್ಶಿನಿಯವನು ‘ಇಡ್ಲಿ ಎರಡು, ವಡೆ ಒಂದು, ಇಡ್ಲಿ-ವಡೆ ಅನುಪಾತ ಒಂದು’ ಎಂದು ಬಿಲ್ ಬರೆದರೆ ಸುಮ್ಮನಿರುತ್ತೀರಾ? ಮೂರನೇ ಕ್ಲಾಸಿನ ಕಳೆಯುವ ಲೆಕ್ಕಕ್ಕೆ ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಮುದ್ರೆ ಒತ್ತಿಸಿಕೊಂಡ ಮೇಧಾವಿಗಳಿಗೆ ನನ್ನ ನಮಸ್ಕಾರ.

ನನ್ನ ಎಸ್‌ಜಿಪಿಟಿ 48. ಕೆಂಪು ಶಾಯಿ, ಪಕ್ಕದಲ್ಲಿ ಮೇಲ್ಮುಖ ಬಾಣ. ಮನೆಯಲ್ಲಿ ಮೌನ. ಹೆಂಡತಿ ಕರಿದ ಪದಾರ್ಥಗಳನ್ನೆಲ್ಲ ಮೇಲಿನ ಅಟ್ಟಕ್ಕೆ ಸಾಗಿಸಿದಳು. ವಾರ ಬಿಟ್ಟು ಬೇರೆ ಲ್ಯಾಬಿಗೆ ಹೋದೆ. ಅಲ್ಲೂ 48, ಆದರೆ ಕಪ್ಪು ಶಾಯಿ! ಮೊದಲನೆಯವರ ಗಡಿ 40, ಇವರದ್ದು 55. ಬಸ್ ಸ್ಟಾಪಿನ ಆಚೆ ಕಡೆ ರೋಗಿ, ಈಚೆ ಕಡೆ ಆರೋಗ್ಯವಂತ. ಚಕ್ಕುಲಿ ಡಬ್ಬ ಅಟ್ಟದಿಂದ ಇಳಿಯಿತು.

‘ನಾರ್ಮಲ್’ ಎಂದರೂ ಅಷ್ಟೇ. ಸಾಮಾನ್ಯವಾಗಿ ನೂರು ಜನ ಗಟ್ಟಿಮುಟ್ಟಾದವರನ್ನು ಸಾಲಾಗಿ ನಿಲ್ಲಿಸಿ, ನಡುವಿನ 95 ಜನರನ್ನು ಒಳಗಿಟ್ಟು, ಎರಡು ತುದಿಯವರನ್ನು ಹೊರಗಿಟ್ಟು ಎಳೆದ ಗೆರೆ ಅದು. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ, ಏನೂ ಆಗದವನಿಗೂ ಒಂದಾದರೂ ಕೆಂಪು ಬೀಳುವ ಸಾಧ್ಯತೆ ನೂರಕ್ಕೆ 64. ಇನ್ನು 87 ಮಾಡಿಸಿದವನ ಹಣೆಬರಹ ನೀವೇ ಊಹಿಸಿ.

ಈ ಕೆಂಪು ಈಗ ನಮ್ಮ ಪಾರ್ಕಿನಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಥರ. ಅದರಲ್ಲೂ ಕ್ರಿಯಾಟಿನಿನ್, ಅಂದರೆ ಮಾಂಸಖಂಡದಿಂದ ಬಂದು ಕಿಡ್ನಿ ಸೋಸಬೇಕಾದ ಕಸ. ‘ನಿಮ್ದು ಕ್ರಿಯಾಟಿನಿನ್ ಎಷ್ಟು ಸಾರ್?’ ‘ಪಾಯಿಂಟ್ ಒಂಬತ್ತು.’ ‘ನಮ್ಮಳಿಯಂದು ಒಂದು ಪಾಯಿಂಟ್ ನಾಲ್ಕು. ಅಮೆರಿಕದಲ್ಲಿದ್ದಾನೆ.’ ಜಿಮ್ಮಿನಲ್ಲಿ ಮೈ ಬೆಳೆಸಿ, ಹಿಂದಿನ ರಾತ್ರಿ ಮಟನ್ ಬಾರಿಸಿದ ಇಪ್ಪತ್ತೈದರ ಹುಡುಗನಿಗೆ 1.4 ಬಂದರೆ ಕೆಂಪು. ಎಂಬತ್ತರ ಒಣಕಲು ಅಜ್ಜಿಗೆ 1.0 ಬಂದರೆ ಕಪ್ಪು, ‘ಅಜ್ಜಿ ಗುಂಡುಕಲ್ಲು’ ಎಂದು ಮೊಮ್ಮಕ್ಕಳು ಸ್ವೀಟ್ ಹಂಚುತ್ತಾರೆ. ವಯಸ್ಸು, ಲಿಂಗ ಹಾಕಿ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು, ಹೆಚ್ಚಿದ್ದಷ್ಟೂ ಒಳ್ಳೆಯದು) ಲೆಕ್ಕ ಹಿಡಿದರೆ ಹುಡುಗನದು 71ರ ಸುತ್ತ, ಅಜ್ಜಿಯದು 57ರ ಸುತ್ತ. ಶಾಯಿಗೆ ಅಜ್ಜಿ ಯಾರು, ಮೊಮ್ಮಗ ಯಾರು ಗೊತ್ತಿಲ್ಲ.

ಗಾಬರಿಯಾದವರಿಗೆ ಭಾವಮೈದುನನ ವಾಟ್ಸಾಪ್ ಇದ್ದೇ ಇದೆ: ಲಿವರ್ ತೊಳೆಯುವ ಕಷಾಯ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರ ಲಿವರೇ ಕೆಟ್ಟಿತೆಂದು ಮುಂಬೈನ ವೈದ್ಯರು 2021ರಲ್ಲಿ ಬರೆದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ಭಾವಮೈದುನ ಎರಡನ್ನೂ ಓದಿಲ್ಲ.

ತಮಾಷೆ ಸಾಕು. ನಮ್ಮೂರ ಕಡೆಯ ಒಬ್ಬರು, ಹತ್ತು ವರ್ಷದ ಸಕ್ಕರೆ ಕಾಯಿಲೆ, ಮಂಡಿನೋವಿಗೆ ಮೆಡಿಕಲ್ ಶಾಪಿನವನು ಚೀಟಿಯಿಲ್ಲದೆ ಕೊಟ್ಟ ನೋವಿನ ಮಾತ್ರೆಗಳನ್ನು ಕಡಲೆಕಾಯಿಯಂತೆ ನುಂಗಿದರು. ಕಾಲು ಊದಿಕೊಂಡಾಗ ಮೊದಲ ಸಲ ಕ್ರಿಯಾಟಿನಿನ್ ನೋಡಿದ್ದು. 8 ಇತ್ತು. ಕಿಡ್ನಿ ಸುಮಾರು ಅರ್ಧ ಸೋಲುವ ತನಕ ಕ್ರಿಯಾಟಿನಿನ್ ಬಾಯೇ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಅದಕ್ಕೆ ಎಷ್ಟೋ ಮುಂಚೆಯೇ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರಲು ಶುರುವಾಗಿರುತ್ತದೆ. ಹತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಅವರಿಗೆ ಒಂದು ಡಬ್ಬಿ ಕೊಟ್ಟು ‘ಮೂತ್ರ ತಗೊಂಬನ್ನಿ’ ಅನ್ನಲಿಲ್ಲ. ಈಗ ವಾರಕ್ಕೆ ಮೂರು ದಿನ ಮೊದಲ ಬಸ್ಸಿಗೆ ಹೊರಟು ಡಯಾಲಿಸಿಸ್ ಹಾಸಿಗೆಯಲ್ಲಿ ನಾಲ್ಕು ಗಂಟೆ ಮಲಗುತ್ತಾರೆ.

ಅವರನ್ನು ನೋಡಿ ಬಂದ ಮೇಲೆ ನನ್ನ 87ರ ಪಟ್ಟಿಯನ್ನು ಮತ್ತೆ ತೆಗೆದೆ. ಎರಡು ಸಲ ಓದಿದೆ. ಅನುಪಾತಗಳು ಇದ್ದವು. ಮೂತ್ರದ ಆಲ್ಬುಮಿನ್ ಇರಲಿಲ್ಲ. ಫೋನ್ ಮಾಡಿ ಕೇಳಿದೆ.

‘ಅದು ಪ್ಯಾಕೇಜಲ್ಲಿ ಬರಲ್ಲ ಸಾರ್, ಆಡ್-ಆನ್.’