ಪೆನ್ಷನ್ ಆರಿಸುವಾಗ ಸಣ್ಣ ಮಾಲೀಕರ ಜೊತೆ ಅಕೌಂಟೆಂಟ್ ಕೂರಲಿ

ನಮ್ಮೂರಿನ ಸಣ್ಣ ಸಂಸ್ಥೆಗಳಿಗೆ ಪಿ.ಎಫ್. ವಿಷಯದಲ್ಲಿ ಆರಿಸುವ ಮಾತೇ ಬರುವುದಿಲ್ಲ. ಕಾನೂನಿನಂತೆ 20 ಜನ ಕೆಲಸಕ್ಕಿದ್ದರೆ ನೋಂದಣಿ ಆಗಲೇಬೇಕು. ಸಾಮಾನ್ಯವಾಗಿ ನೌಕರನದು 12%, ಮಾಲೀಕನದೂ ಅಷ್ಟೇ. ದುಡ್ಡು ಹೋಗುವ ಜಾಗ ಒಂದೇ, ಬಡ್ಡಿಯೂ ಎಲ್ಲರಿಗೂ ಒಂದೇ. ಆಡಿಟರ್ ತಿಂಗಳು ತಿಂಗಳು ಚಲನ್ ಕಟ್ಟಿಸಿದರೆ ಆಯಿತು.

ನಾನಿರುವ ಇಂಗ್ಲೆಂಡಿನಲ್ಲಿ ಒಬ್ಬನೇ ಕೆಲಸಗಾರ ಇರುವ ಅಂಗಡಿಗೂ ಪೆನ್ಷನ್ ಕಾನೂನು ಅನ್ವಯಿಸುತ್ತದೆ. 2012ರಲ್ಲಿ ದೊಡ್ಡ ಕಂಪನಿಗಳಿಂದ ಶುರುವಾಗಿ ಹಂತ ಹಂತವಾಗಿ ಎಲ್ಲರಿಗೂ ಬಂತು. 22 ವರ್ಷ ತುಂಬಿದ, ವರ್ಷಕ್ಕೆ 10,000 ಪೌಂಡ್‌ಗಿಂತ ಜಾಸ್ತಿ ದುಡಿಯುವ ಕೆಲಸಗಾರರನ್ನು ಮಾಲೀಕ ತಾನಾಗಿಯೇ ಸೇರಿಸಬೇಕು. ಇದು ನನಗೆ ನಿಜಕ್ಕೂ ಹಿಡಿಸಿದ ಪದ್ಧತಿ. ನಮ್ಮಲ್ಲಿ ಹತ್ತು ಜನರ ಗ್ಯಾರೇಜಿನ ಹುಡುಗರಿಗೆ ಪಿ.ಎಫ್. ಸಿಗುವುದು ಮಾಲೀಕ ಮನಸ್ಸು ಮಾಡಿದರೆ ಮಾತ್ರ, ಅಲ್ವಾ?

ಆದರೆ ಇಲ್ಲಿ ಸ್ಕೀಮ್ ಯಾವುದು ಅಂತ ಮಾಲೀಕನೇ ಆರಿಸಬೇಕು. ನೆಸ್ಟ್, ಪೀಪಲ್ಸ್ ಪೆನ್ಷನ್, ಸ್ಮಾರ್ಟ್ ಪೆನ್ಷನ್ ಅಂತ ಹಲವು ಇವೆ. ಕೆಫೆ ನಡೆಸುವವರಿಗೆ ಇವುಗಳ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಅವರು ಕೇಳುವುದು ಅಕೌಂಟೆಂಟನ್ನು. ಎಷ್ಟೋ ಅಕೌಂಟೆಂಟರು ಪೇರೋಲ್ (ಸಂಬಳದ ಲೆಕ್ಕ) ಸಾಫ್ಟ್‌ವೇರ್‌ಗೆ ಸಲೀಸಾಗಿ ಹೊಂದುವ ಸ್ಕೀಮ್ ಹಾಕಿ ಮುಗಿಸುತ್ತಾರೆ. ಅಷ್ಟು ಸಾಲದು ಅಂತ ನನ್ನ ಗಟ್ಟಿ ಅಭಿಪ್ರಾಯ.

ತೆರಿಗೆಯ ಲೆಕ್ಕವನ್ನೇ ನೋಡಿ. ಕೆಫೆಯಲ್ಲಿ ಪಾರ್ಟ್‌ಟೈಮ್ ಮಾಡುವ ಹೆಂಗಸಿಗೆ ವರ್ಷಕ್ಕೆ 11,000 ಪೌಂಡ್ ಸಂಬಳ ಅಂದುಕೊಳ್ಳಿ. ಕಾನೂನಿನ ಕನಿಷ್ಠ ಲೆಕ್ಕದಂತೆ 6,240 ಪೌಂಡ್ ಮೇಲಿನದಕ್ಕೆ 5% ಅಂದರೆ ಅವಳ ಪಾಲು 238 ಪೌಂಡ್. ‘ರಿಲೀಫ್ ಅಟ್ ಸೋರ್ಸ್’ (ತೆರಿಗೆ ರಿಯಾಯಿತಿಯನ್ನು ಸರ್ಕಾರ ನೇರವಾಗಿ ಪೆನ್ಷನ್‌ಗೆ ಹಾಕುವ) ರೀತಿಯ ಸ್ಕೀಮ್ ಆದರೆ ಸಂಬಳದಲ್ಲಿ 190.40 ಮಾತ್ರ ಕಡಿತ. ಅವಳು ತೆರಿಗೆ ಕಟ್ಟದಿದ್ದರೂ ಉಳಿದ 47.60 ಸರ್ಕಾರದಿಂದ ಪೆನ್ಷನ್‌ಗೇ ಸೇರುತ್ತದೆ. ‘ನೆಟ್ ಪೇ’ (ತೆರಿಗೆ ಲೆಕ್ಕ ಹಾಕುವ ಮೊದಲೇ ಸಂಬಳದಿಂದ ಪೂರ್ತಿ ಪಾಲು ಹಿಡಿಯುವ ರೀತಿ) ಆದರೆ ಪೂರ್ತಿ 238 ಅವಳ ಕೈಯಿಂದಲೇ ಹೋಗುತ್ತದೆ. 2024-25ರ ಸಾಲಿನಿಂದ ಸರ್ಕಾರ ಇಂಥವರಿಗೂ ಪರಿಹಾರ ತಂದಿದೆ, ಆದರೆ ಅದು ಕೈಸೇರುವುದು ವರ್ಷ ಮುಗಿದ ಮೇಲೆ. ತಿಂಗಳ ಸಂಬಳದಲ್ಲಿ ಮನೆ ತೂಗಿಸುವವಳಿಗೆ ಇದು ಸಣ್ಣ ವಿಷಯವಲ್ಲ. ಮತ್ತೆ ಯಾರ ಸಂಬಳ ಎಷ್ಟು ಅಂತ ಅಕೌಂಟೆಂಟ್ ಮೇಜಿನ ಮೇಲೇ ಇರುತ್ತದಲ್ಲ!

ಶುಲ್ಕವೂ ಹಾಗೆಯೇ. ನೆಸ್ಟ್ ಯಾವ ಮಾಲೀಕನನ್ನೂ ಬೇಡ ಅನ್ನುವಂತಿಲ್ಲ, ಅದೇ ಅದರ ದೊಡ್ಡ ಗುಣ. ಕಟ್ಟುವ ಹಣದ ಮೇಲೆ 1.8%, ಕೂಡಿದ ಮೊತ್ತದ ಮೇಲೆ ವರ್ಷಕ್ಕೆ 0.3% ಹಿಡಿಯುತ್ತದೆ. ಕೆಲವು ಕಡೆ ಮಾಲೀಕನಿಂದಲೂ ಶುಲ್ಕ ಕೇಳುತ್ತಾರೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತೋರಿಸಲು ಎಷ್ಟು ಹೊತ್ತು ಬೇಕು?

ಸಲಹೆ ಕೊಡಲು ನಮಗೆ ಲೈಸೆನ್ಸ್ ಇಲ್ಲ ಅಂತ ಕೆಲವರು ಹಿಂದೆ ಸರಿಯುತ್ತಾರೆ. ಆ ಭಯ ಅರ್ಥವಾಗುತ್ತದೆ. ‘ನಿನ್ನ ಹಳೆಯ ಪೆನ್ಷನ್ ಇಲ್ಲಿಗೆ ವರ್ಗಾಯಿಸು’ ಅಂತ ಕೆಲಸಗಾರನಿಗೆ ಹೇಳುವುದು ಸುಮ್ನೆ ಆಡುವ ಮಾತಲ್ಲ, ಅದಕ್ಕೆ ಪರವಾನಗಿ ಬೇಕು. ಆದರೆ ಶುಲ್ಕ, ತೆರಿಗೆ ರೀತಿ, ಪೇರೋಲ್ ಹೊಂದಾಣಿಕೆ ಇವನ್ನು ಮಾಲೀಕನ ಮುಂದೆ ಇಡುವುದು ಬೇರೆ ಕೆಲಸ.

ಈಗಾಗಲೇ ಸ್ಕೀಮ್ ಇರುವವರಿಗೂ ಅವಕಾಶ ಇದೆ. ಪೆನ್ಷನ್ ಬೇಡ ಅಂತ ಸ್ಕೀಮಿನಿಂದ ಹೊರಗೆ ಹೋದ ಕೆಲಸಗಾರರನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಸೇರಿಸಬೇಕೆಂಬ ನಿಯಮದಿಂದಾಗಿ ಆಗ ಹೇಗೂ ಫೈಲ್ ತೆಗೆಯುತ್ತಾರೆ. ಅದೇ ದಿನ ಇನ್ನೆರಡು ಸ್ಕೀಮ್‌ಗಳ ಲೆಕ್ಕವನ್ನೂ ಪಕ್ಕದಲ್ಲಿಟ್ಟು ಮಾಲೀಕರಿಗೆ ತೋರಿಸಬಹುದು.