ಸ್ಪಷ್ಟನೆ: ಲಿಸ್ಟ್ ಬಾಕ್ಸ್‌ನ ಎಲ್ಲ ಕಾಲಂಗಳೂ ಫಾರ್ಮ್‌ಗೆ ಸಿಗುತ್ತವೆ

ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್ ಕಲಿಯುವವರ ನಡುವೆ ಒಂದು ಮಾತು ಓಡಾಡುತ್ತಿದೆ. ಲಿಸ್ಟ್ ಬಾಕ್ಸ್‌ನಲ್ಲಿ (ಫಾರ್ಮ್‌ನಲ್ಲಿ ಸಾಲುಗಳ ಪಟ್ಟಿ ತೋರಿಸುವ ಚೌಕ) ಒಂದು ಸಾಲು ಆರಿಸಿದರೆ ಸಿಗುವುದು ಒಂದೇ ಕಾಲಂ, ಉಳಿದ ಫೀಲ್ಡ್ ತುಂಬಲು ಪ್ರತಿಯೊಂದಕ್ಕೂ ಡಿಲುಕಪ್ (ಟೇಬಲ್‌ನಿಂದ ಒಂದು ಮೌಲ್ಯ ಹುಡುಕಿ ತರುವ ಫಂಕ್ಷನ್) ಬರೆಯಲೇಬೇಕು ಅಂತ. ಇದು ತಪ್ಪು.

ಒಂದೇ ಕಾಲಂ ಅನ್ನುವುದು ಲಿಸ್ಟ್ ಬಾಕ್ಸ್‌ನ 'ವ್ಯಾಲ್ಯೂ'ಗೆ ಮಾತ್ರ ಸರಿ. ಅದು ಬೌಂಡ್ ಕಾಲಂನಿಂದ, ಅಂದರೆ ಲಿಸ್ಟ್ ಬಾಕ್ಸ್‌ನ ಮೌಲ್ಯಕ್ಕೆಂದು ಗೊತ್ತು ಮಾಡಿದ ಕಾಲಂನಿಂದ ಬರುತ್ತದೆ. ಉಳಿದ ಕಾಲಂಗಳನ್ನು 'ಕಾಲಂ' ಪ್ರಾಪರ್ಟಿಯಿಂದ ನೇರವಾಗಿ ಓದಬಹುದು. ಎಡವುವುದು ಎಣಿಕೆಯಲ್ಲಿ. ಬೌಂಡ್ ಕಾಲಂನ ಲೆಕ್ಕ 1ರಿಂದ ಶುರು, ಕಾಲಂ ಪ್ರಾಪರ್ಟಿಯ ಲೆಕ್ಕ 0ಯಿಂದ. ಹಾಗಾಗಿ ಎರಡನೇ ಕಾಲಂ ಬೇಕಿದ್ದರೆ ಕಾಲಂ(1) ಎಂದು ಬರೆಯಬೇಕು. 'ಕಾಲಂ ಕೌಂಟ್' (ಕಾಲಂಗಳ ಸಂಖ್ಯೆ) ಕಡಿಮೆ ಕೊಟ್ಟಿದ್ದರೆ, ಅದರಾಚೆಯ ಕಾಲಂಗೆ ಸಿಗುವುದು ಬರೀ ನಲ್ (ಖಾಲಿ). ಕಾಲಂ ಕಾಣಬಾರದು ಅಂದರೆ ಅದರ ಅಗಲ 0 ಮಾಡಿ. ಕಣ್ಣಿಗೆ ಕಾಣದಿದ್ದರೂ ಓದಲು ಸಿಗುತ್ತದೆ.

ಟೆಕ್ಸ್ಟ್ ಬಾಕ್ಸ್‌ನ ಕಂಟ್ರೋಲ್ ಸೋರ್ಸ್‌ನಲ್ಲಿ (ಅದರ ಮೌಲ್ಯ ಎಲ್ಲಿಂದ ಬರಬೇಕೆಂದು ಹೇಳುವ ಪ್ರಾಪರ್ಟಿ) ಸಮ ಚಿಹ್ನೆ ಹಾಕಿ ಲಿಸ್ಟ್ ಬಾಕ್ಸ್‌ನ ಹೆಸರಿನೊಂದಿಗೆ ಕಾಲಂ(1) ಎಂದು ಬರೆದರೆ ತೋರಿಸುತ್ತದೆ ಅಷ್ಟೇ, ಟೇಬಲ್‌ನಲ್ಲಿ ಉಳಿಯುವುದಿಲ್ಲ. ಉಳಿಯಬೇಕಿದ್ದರೆ ಲಿಸ್ಟ್ ಬಾಕ್ಸ್‌ನ 'ಆಫ್ಟರ್ ಅಪ್‌ಡೇಟ್' ಈವೆಂಟ್‌ನಲ್ಲಿ (ಆಯ್ಕೆ ಬದಲಾದ ಮೇಲೆ ನಡೆಯುವ ಕೋಡ್) ಟೇಬಲ್‌ನ ಫೀಲ್ಡ್‌ಗೆ ಆ ಕಾಲಂನ ಮೌಲ್ಯ ತುಂಬಿ. ಆದರೆ ಎಲ್ಲವನ್ನೂ ಸುಮ್ನೆ ನಕಲು ಮಾಡಬೇಡಿ. ಬಿಲ್ ಮಾಡಿದ ದಿನದ ದರ ಉಳಿಸುವುದು ಸರಿ, ನಾಳೆ ದರ ಬದಲಾಗಬಹುದು ಅಲ್ವಾ? ಗ್ರಾಹಕರ ಫೋನ್ ನಂಬರ್ ಅವರ ಟೇಬಲ್‌ನಲ್ಲೇ ಇದ್ದರೆ ಸಾಕು.

ಆದರೆ 'ಮಲ್ಟಿ ಸೆಲೆಕ್ಟ್' (ಹಲವು ಸಾಲು ಆರಿಸುವ ಸೌಲಭ್ಯ) ಆನ್ ಆಗಿದ್ದರೆ ವ್ಯಾಲ್ಯೂ ಯಾವಾಗಲೂ ನಲ್ ಆಗಿರುತ್ತದೆ. ಆಗ ಆರಿಸಿದ ಸಾಲುಗಳ ಪಟ್ಟಿಯಾದ 'ಐಟಮ್ಸ್ ಸೆಲೆಕ್ಟೆಡ್' ಮೂಲಕ ಒಂದೊಂದೇ ಸಾಲು ಓದಬೇಕು.